ಹಿತ್ತಲಿಗೆ ಬಂದ ಗೂಡ್ಸ್ ಇಂಜಿನ್ನು

...ಹಿತ್ತಲಲ್ಲಿ ತೇಪೆ ಹಾಕಿರೋ ಆ ಗೋಡೆನಾ? ಅಯ್ಯೋ, ಅದೊಂದು ದೊಡ್ಡ ಕಥೆ ಬೀಗರೇ! ಬೀಗರು ಅನ್ನಬಹುದು ತಾನೇ? ಮಾತು ಇನ್ನೂ ಪಕ್ಕಾ ಆಗಿಲ್ಲ, ಗೊತ್ತು... ನಿಮ್ಮ ಹುಡುಗ, ನಮ್ಮ ಹುಡುಗಿ ಹಿತ್ತಲಲ್ಲಿ ಮಾತಾಡ್ಕೊಂಡು ಬರ್ಲಿ, ಅಷ್ಟರಲ್ಲಿ ಹೇಳ್ತೀನಿ. ಚಹಾ ತಗೊಳ್ಳಿ.

ಹಿಂದುಗಡೆ ಹಳಿ ಇದೆಯಲ್ಲ? ಎಷ್ಟೋ ವರ್ಷದ ಹಿಂದೆ, ಒಂದು ದಿನ ಮಟಮಟ ಮಧ್ಯಾಹ್ನ ಗೂಡ್ಸ್ ಇಂಜಿನ್ನು ಹಳಿ ತಪ್ಪಿ, ಗೋಡೆ ಒಡ್ಕೊಂಡು ಸೀದಾ ನಮ್ಮ ಹಿತ್ತಲಿಗೇ ಬಂತು! ಕರೆಯದೇ ಬಂದ ನೆಂಟರ ಹಾಗೆ! ಆಗ ತಾನೇ ಬಟ್ಟೆ ಒಗೆದು ಹರವಿದ್ದೆ... ನಮ್ಮೆಜಮಾನರ ಪೈಜಾಮ ಇಂಜಿನ್ ಮೂತಿಗೆ ಬಾವುಟ! ನಗಿ ನಗಿ, ಊರೇ ನಕ್ಕಿತ್ತು.

ನಾನಾ? ನಾನೇನು ಮಾಡ್ಲಿ! ನಮ್ಮನೇಲಿ ಜೋರು ಮಾತೇ ಇಲ್ಲ. ಸಂಬಂಧ ತಂದವರು ಹೇಳಿದ್ರು, ಬಜಾರಿ ಹೆಂಗಸರ ಮನೆ ಆದ್ರೆ ನೀವು ಹುಡುಗಿ ಬೇಡ ಅಂತೀರಂತೆ. ಸರಿಯಾದ ಮಾತು. ನಾನು ಆ ಡ್ರೈವರ್‌ಗೆ ಒಂದು ಲೋಟ ನೀರು ಕೊಟ್ಟು, "ಪೆಟ್ಟಾಯ್ತೇನಣ್ಣಾ" ಅಂದೆ. ಅಷ್ಟೇ.

ಬೈದಿದ್ದು ಪಕ್ಕದ ಮನೆಯವಳು. "ಏಯ್ ಮುಠ್ಠಾಳ! ಕಣ್ಣೇನು ನೆತ್ತಿ ಮೇಲಿದೆಯಾ? ನಿಮ್ಮಪ್ಪನ ರಸ್ತೆನಾ ಇದು?" ಅಂತ... ಅಯ್ಯೋ, ಗಂಟಲು ಸ್ವಲ್ಪ ಏರಿಬಿಡ್ತು. ಅವಳು ಹೀಗೇ ಅಂದ್ಲು, ಅದಕ್ಕೆ. ಬಟ್ಟೆ ಉಜ್ಜೋ ಬ್ರಷ್ಷಲ್ಲಿ ಬಾರಿಸಿದ್ದೂ ಅವಳೇ. ಹುಬ್ಬು ಒಡೀತು, ಪಾಪ.

ಯಾಕೆ, ನಗು ನಿಂತೇ ಹೋಯ್ತು? ಹುಬ್ಬು ಯಾಕೆ ಸವರ್ಕೋತೀರಾ... ಅದೇನು, ಗಾಯದ ಗುರುತು?

ಅಯ್ಯಯ್ಯೋ! ನೀವಾ! ಸಂಬಂಧ ತಂದವರು ಸರ್ಕಾರಿ ಕೆಲಸ ಅಂದ್ರೇ ಹೊರತು ಇಂಜಿನ್ನು ಅನ್ನಲೇ ಇಲ್ಲ! ಅವತ್ತು ಮುಖದ ತುಂಬಾ ಮಸಿ, ಧೂಳು... ನನಗೆ ಹೇಗೆ... ಅವಳಿಗೆ ಹೇಗೆ ಗೊತ್ತಾಗ್ಬೇಕು, ಆ ಪಕ್ಕದ ಮನೆಯವಳಿಗೆ?

ಲೋಟ ಯಾಕೆ ಕೆಳಗಿಟ್ರಿ ಬೀಗರೇ? ಅವಳು ಹೆದರಿದ್ಲು ಕಣ್ರೀ. ಹರವಿದ ಬಟ್ಟೆ ಹಿಂದೇನೇ ಮಗು ಆಡ್ತಿತ್ತು. ಹೋಯ್ತು ಅಂತಲೇ ಅಂದ್ಕೊಂಡ್ಲು. ನೀವು ಧೂಳಲ್ಲಿ ಹುಡುಕಿ ಎತ್ಕೊಂಡು ಬಂದ್ರಿ... ಬಂದವರಿಗೇ ಬ್ರಷ್ ಬೀಸಿದ್ಲು.

ಎದ್ರಾ? ಹೊರಟೇಬಿಟ್ರಾ? ...ಓ, ಹಿತ್ತಲ ಕಡೆ ಕಿಟಕಿ ಹತ್ರ.

ಹ್ಞೂಂ, ಅಲ್ಲಿ ನಿಂತಿರೋ ನಮ್ಮ ಹುಡುಗೀನೇ. ಅವತ್ತು ನೀವು ಎತ್ಕೊಂಡಿದ್ದು ಅವಳನ್ನೇ. ಎಷ್ಟು ಎತ್ತರ ಬೆಳೆದಿದಾಳೆ, ನೋಡಿ.

ಬಾಯಿ ಮಾತ್ರ ನಂದೇ ಬಂದಿದೆ ಬೀಗರೇ... ಈಗಲೇ ಹೇಳಿಬಿಡ್ತೀನಿ.