ಮುಗಿಯದ ಪರೀಕ್ಷೆ

ಚಿತ್ರದುರ್ಗದ ಕೋರ್ಟಿನ ವರಾಂಡದಲ್ಲಿ, ನಾನು ಕುಳಿತಿದ್ದ ಬೆಂಚಿನ ಆ ತುದಿಗೆ ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರಿದ್ದರು. ಯುವತಿಯೊಬ್ಬಳು ಬಂದು ಅವರೆದುರು ನಿಂತಳು.

“ದೊಡ್ಡಪ್ಪ, ನೀನೂ ಬಂದೀಯಾ?”

“ಲಸಿಕೆ ಹಾಕಿಸಿ ಕುರಿ ಕಳ್ಕಂಡೋನು ನಾನು. ಬರದೆ ಇರಕ್ಕಾಗ್ತೈತಾ? ನೀನು ಲಸಿಕೆ ಕಂಪನಿ ಕಡೆ ಸಾಕ್ಷಿಯಂತೆ.”

“ಲ್ಯಾಬಿನೋರೆಲ್ಲ ಕೆಲಸ ಬಿಟ್ಟು ಹೋದ್ರು. ಉಳಿದೋಳು ನಾನೊಬ್ಳೇ.”

“ಲೈಸೆನ್ಸ್ ಬರೋ ಮುಂಚೆನೇ ಲಸಿಕೆ ಮಾರಿದ್ರಂತೆ, ನಿಜಾನಾ?”

“ಅರ್ಜಿ ಹಾಕಿದ್ವಿ. ಅಷ್ಟರಲ್ಲಿ ಮತ್ತೋಡು ಕಡೆ ಕುರಿಗಳಿಗೆ ರೋಗ ಹಬ್ತು. ಎಲ್ರೂ ಬಂದು ಕೊಡ್ರಿ ಕೊಡ್ರಿ ಅಂದ್ರು. ನೀನೂ ಬಂದಿದ್ದೆ.”

“ನಿನ್ನ ನಂಬಿ ಬಂದಿದ್ದೆ. ನಮ್ಮ ಹುಡುಗಿ ಮಾಡಿದ ಔಷಧಿ ಅಂತ ಊರಿಗೆಲ್ಲ ಹೇಳ್ದೆ.”

ಅವಳು ಅವರ ಪಕ್ಕ ಕುಳಿತಳು.

“ಮಾರೋ ಮುಂಚೆ ಲಸಿಕೆ ಪರೀಕ್ಷೆ ಮಾಡಿ ಮುಗಿಸಿದ್ರಾ, ಅನುಸೂಯ?”

“ಮುಗಿದಿರ್ಲಿಲ್ಲ ದೊಡ್ಡಪ್ಪ.”

“ಒಳಗೆ ಏನು ಹೇಳ್ತೀಯ?”

“ಮುಗಿದಿತ್ತು ಅನ್ನು ಅಂತಾರೆ ಮಾಲೀಕ್ರು. ಇಲ್ದಿದ್ರೆ ಕಂಪನಿ ಮುಚ್ಚುತ್ತೆ, ನನ್ನ ಮೇಲೂ ಕೇಸ್ ಆಗುತ್ತೆ.”



“ನಿಮ್ಮ ದೊಡ್ಡಮ್ಮ ಈಗ್ಲೂ ಸಂಜೆ ಆದ್ರೆ ಹೋಗಿ ಕುರಿ ರೊಪ್ಪದ ಬಾಗ್ಲು ತೆಗೀತಾಳೆ. ಒಳಗೆ ಒಂದೂ ಇಲ್ಲ. ಆದ್ರೂ ತೆಗೀತಾಳೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗಿನಿಂದ ಅನುಸೂಯ ಎಂದು ಕೂಗಿದರು.

“ದೊಡ್ಡಪ್ಪ, ಇದ್ದದ್ದು ಇದ್ದಂಗೆ ಹೇಳಿದ್ರೆ ನನ್ನನ್ನ ಊರೊಳಗೆ ಸೇರಿಸ್ತಾರಾ?”

“ಗೊತ್ತಿಲ್ಲಮ್ಮ. ಸುಳ್ಳು ಹೇಳೋಕೆ ಮಾತ್ರ ನನ್ನಿಂದ ಧೈರ್ಯ ಕೇಳ್ಬೇಡ. ನಡಿ, ಕರೀತಾವ್ರೆ.”

ಅವಳು ಮುಂದೆ ಹೋದಳು. ಅವರು ಕಂಬಳಿ ಸರಿಮಾಡಿಕೊಂಡು, ಸ್ವಲ್ಪ ದೂರ ಬಿಟ್ಟು, ಅವಳ ಹಿಂದೆ ಒಳಗೆ ನಡೆದರು.