ಒಂಬತ್ತು ಬೆರಳು

ಹೆಸರು: ಮಧುಕರ ಗೂಳಪ್ಪ ಸಾವಳಗಿ. ವಯಸ್ಸು: 49. ಉದ್ಯೋಗ: ಸಫಾಯಿ ಗುತ್ತಿಗೆದಾರರಲ್ಲಿ ಗುಮಾಸ್ತ. ವಾಸ: ಬಿಬವೇವಾಡಿ, ಪುಣೆ.

ಯಾರ ಒತ್ತಾಯವೂ ಇಲ್ಲದೆ ಕನ್ನಡದಲ್ಲಿ ನಾನೇ ಬರೆದು ತಿಳಿಸುವುದೇನೆಂದರೆ: ಖರಾಡಿಯ ಒಂದು ಆಫೀಸ್ ಕಟ್ಟಡವನ್ನು ಗುಡಿಸಿ ಒರೆಸುವ ಹದಿನಾಲ್ಕು ಹೆಂಗಸರ ಎಟಿಎಂ ಕಾರ್ಡುಗಳು ಮೂರು ವರ್ಷದಿಂದ ನನ್ನ ಡ್ರಾಯರಿನಲ್ಲಿದ್ದವು. ಕನಿಷ್ಠ ವೇತನದ ಕಾಯ್ದೆ ಪ್ರಕಾರ ತಿಂಗಳಿಗೆ ತಲಾ ರೂ. 14,000 ಅವರ ಖಾತೆಗೆ ಬೀಳುತ್ತಿತ್ತು. ಗೇಟಿನಿಂದ 350 ಮೀಟರ್ ದೂರದ ಎಟಿಎಂನಲ್ಲಿ ನಾನು ಅದನ್ನು ತೆಗೆದು, ಅವರಿಗೆ 9,000 ಕೊಟ್ಟು, ಉಳಿದದ್ದನ್ನು ಗುತ್ತಿಗೆದಾರ ಅವಧೂತ ಅವರಿಗೆ ಒಪ್ಪಿಸುತ್ತಿದ್ದೆ. ನನಗೆ ಕಾರ್ಡಿಗೆ ಇನ್ನೂರು. ಮರೆಯಬಾರದೆಂದು ಎಲ್ಲ ಕಾರ್ಡಿಗೂ ಒಂದೇ ಗುಪ್ತ ಸಂಖ್ಯೆ ಹಾಕಿದ ಬುದ್ಧಿವಂತನೂ ನಾನೇ. ನಾನು ಆ ಹೆಂಗಸರ ಊರ ಕಡೆಯವನು, ಅವರ ಮಾತಿನವನು; ಅದಕ್ಕೇ ನಂಬಿ ಕೊಟ್ಟರು. ಚನ್ನಬಸವ್ವ, ವಯಸ್ಸು 44, ಕಾರ್ಡನ್ನು ಕಣ್ಣಿಗೊತ್ತಿಕೊಂಡು ಕೊಟ್ಟಿದ್ದಳು.

ದಿ. 12-11-2024ರಂದು ಬೆಳಿಗ್ಗೆ 11:20ಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದರು. ಅವರಿಗೆ ಕನ್ನಡ ಬಾರದ ಕಾರಣ ನನ್ನನ್ನೇ ನಡುವೆ ನಿಲ್ಲಿಸಿಕೊಂಡು, ಕೈಗೆಷ್ಟು ಬರುತ್ತದೆ ಎಂದು ಚನ್ನಬಸವ್ವಳನ್ನು ಕೇಳಿದರು. ಒಂಬತ್ತ ಸಾವಿರ್ರಿ, ಅಣ್ಣಾರು ಒಂದ ತಿಂಗಳಾನೂ ತಪ್ಪಿಸಿಲ್ರಿ, ಭಾಳ ಚಲೋ ಮನಷ್ಯಾರ್ರಿ ಎಂದಳು. ಅಣ್ಣಾರು ಎಂದರೆ ನಾನು. ಹದಿನಾಲ್ಕು ಸಾವಿರ ಎನ್ನುತ್ತಿದ್ದಾಳೆ ಎಂದು ನಾನು ಮರಾಠಿಯಲ್ಲಿ ಹೇಳಿದೆ. ಅಷ್ಟರಲ್ಲಿ ಆಕೆ, ಸಾಹೇಬರಿಗೆ ತಿಳಿಯಲಿ ಎಂದು, ಒಂಬತ್ತು ಬೆರಳು ಎತ್ತಿ ತೋರಿಸಿದ್ದಳು. ಅಧಿಕಾರಿ ನನ್ನ ಮುಖ ನೋಡಿದರು. ಬಾಕಿ ವೇತನ ಮತ್ತು ದಂಡದ ನೋಟಿಸ್ ಸಂಜೆಯೇ ಅವಧೂತ ಅವರಿಗೆ ಬಂತು.

ನಿನ್ನೆ 13ರಂದು ಅವಧೂತ ಅವರು ನನ್ನ ಕೈಯಿಂದಲೇ ಒಂದು ಕಾಗದ ಬರೆಸಿ, ಪೂರ್ತಿ ಪಗಾರ ಮುಟ್ಟಿದೆ ಎಂದು ಎಲ್ಲರ ಹೆಬ್ಬೆಟ್ಟು ತರಬೇಕು, ಇಲ್ಲದಿದ್ದರೆ ಕಳವು ನನ್ನ ಹೆಸರಿಗೇ ಬರುತ್ತದೆ ಎಂದರು. ಸಂಜೆ 6:10ಕ್ಕೆ ಚನ್ನಬಸವ್ವಳ ಖೋಲಿಗೆ ಹೋದೆ. ಓದಿ ಹೇಳಲೇ ಎಂದೆ. ನೀವ ಬರದದ್ದನ್ನ ಏನ್ ಓದಿಸೂದ್ರಿ ಅಣ್ಣಾ ಎಂದು ಹೆಬ್ಬೆಟ್ಟು ಒತ್ತಿ, ಒಲೆಯ ಮೇಲೆ ಚಹಾಕ್ಕೆ ಇಟ್ಟಳು. ಆ ಚಹಾ ಕುಡಿಯದೆ ಎದ್ದು ಬಂದೆ. ನಾಚಿಕೆಯಾಯಿತು. ಉಳಿದ ಹದಿಮೂರು ಮನೆಗಳಿಗೆ ಹೋಗಲಿಲ್ಲ.

ಆ ಕಾಗದ ಸುಳ್ಳು. ಅದನ್ನೂ ಹದಿನಾಲ್ಕು ಕಾರ್ಡುಗಳನ್ನೂ ಇಂದು ಬೆಳಿಗ್ಗೆ 9:30ಕ್ಕೆ ಈ ಪೊಲೀಸ್ ಠಾಣೆಗೆ ನಾನೇ ಬಂದು ಹಾಜರುಪಡಿಸಿದ್ದೇನೆ. ಅವಧೂತ ಅವರ ವಿರುದ್ಧವೂ ನನ್ನ ವಿರುದ್ಧವೂ ಕ್ರಮ ಜರುಗಿಸಬೇಕು.

ನನ್ನನ್ನು ವಿನಾಕಾರಣ ಹಿಡಿದಿದ್ದಾರೆಂದು ಸುದ್ದಿ ಕೇಳಿ ಚನ್ನಬಸವ್ವ ಠಾಣೆಯ ಹೊರಗೆ ಬಂದು ಕುಳಿತಿದ್ದಾಳೆ. ನಮ್ಮ ಅಣ್ಣಾರನ್ನ ಬಿಡ್ರಿ ಎಂದು ಪೇದೆಯನ್ನು ಎರಡು ಸಲ ಬೇಡಿಕೊಂಡಿದ್ದಾಳೆ. ಮೇಲೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದನ್ನು ಆಕೆಗೆ ಕನ್ನಡದಲ್ಲಿ ಓದಿ ಹೇಳುವವರು ಈ ಠಾಣೆಯಲ್ಲಿ ಬೇರೆ ಯಾರೂ ಇಲ್ಲ. ಸಹಿ ಹಾಕಿ, ಹೊರಗೆ ಹೋಗಿ ನಾನೇ ಓದುತ್ತೇನೆ.

ಸ್ಥಳ: ಪುಣೆ
ದಿನಾಂಕ: 14-11-2024
ಸಹಿ: ಮಧುಕರ ಗೂಳಪ್ಪ ಸಾವಳಗಿ