ಸರಿ ಬಂದ ಮೂರು ಅಳತೆ

ಲೇಸರ್ ಚಿಕಿತ್ಸೆಗೆಂದು ತಾಯಿಯನ್ನು ಕಣ್ಣಾಸ್ಪತ್ರೆಗೆ ಕರೆತಂದ ದರ್ಜಿ ಹೆಂಗಸು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಳು. ಬೆನ್ನ ಹಿಂದೆ, ಲೇಸರ್ ಯಂತ್ರದ ತಪಾಸಣೆಗೆ ಬಂದ ಇಬ್ಬರು ಮೆಕ್ಯಾನಿಕ್‌ಗಳು ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಿರಿಯವನೇ ಶುರು ಮಾಡಿದ.

"ಅಣ್ಣಾ, ಕಿರಣ ಒಂದೇ ಸಮ ನಿಲ್ತಾನೇ ಇಲ್ಲ. ಒಳಗೆ ಬೆಳಕು ಕಂಪಿಸೋ ಎರಡು ರೀತಿ, ಎರಡು ಮೋಡ್, ಕಿತ್ತಾಡ್ತಿವೆ."

"ಇರೋ ಶಕ್ತಿ ಒಂದೇ, ತಿನ್ನೋ ಬಾಯಿ ಎರಡು. ಒಂದು ಗೆದ್ದರೆ ಇನ್ನೊಂದು ತಾನಾಗೇ ಸಾಯುತ್ತೆ ಬಿಡು."

"ಎಲ್ಲಿ ಸಾಯುತ್ತೆ? ಒಂದು ಸಲ ಇದು ಮೇಲೆ, ಇನ್ನೊಂದು ಸಲ ಅದು. ಹೊರಗೆ ಬರೋ ಕಿರಣದ ಆಕಾರವೇ ಬದಲಾಗುತ್ತೆ."

"ಹತ್ತು ಸಲ ಅಳೆದೆಯಲ್ಲ, ಸರಿ ಬಂದ ಮೂರನ್ನ ಬರೆದು ಸಹಿ ಹಾಕು."

"ಉಳಿದ ಏಳು?"

"ಹರಿದು ಬಿಸಾಕು. ಇವತ್ತು ಯಂತ್ರ ನಿಂತರೆ ಡಾಕ್ಟರು ನಮ್ಮನ್ನ ಸುಮ್ಮನೆ ಬಿಡ್ತಾರಾ?"

"ಥೂ! ನಿಮ್ಮಮ್ಮನ ಕಣ್ಣಾಗಿದ್ದರೆ?"

"ನಮ್ಮಮ್ಮನ್ನ ಇಲ್ಲಿಗೆ ಯಾಕೆ ಕರ್ಕೊಂಡು ಬರಲಿ?"

ಹಿರಿಯವನು ನಗುತ್ತಾ ಎದ್ದ. ಕಿರಿಯವನು ಗೊಣಗುತ್ತಲೇ ಜೇಬಿನಿಂದ ಪೆನ್ನು ತೆಗೆದು, ಸಹಿ ಗೀಚಿ, ಅವನ ಹಿಂದೆಯೇ ಹೋದ.

ದರ್ಜಿ ಪಕ್ಕದಲ್ಲಿದ್ದ ತಾಯಿಯ ಕೈ ಹಿಡಿದಳು. ಅಷ್ಟರಲ್ಲಿ ನರ್ಸ್ ತಾಯಿಯ ಸರದಿ ಕೂಗಿದಳು.

"ಅಮ್ಮಾ, ಏಳು, ಮನೆಗೆ ಹೋಗೋಣ," ಎಂದ ಮಗಳು, ಕಾಯುತ್ತಿದ್ದವರ ಕಡೆ ತಿರುಗಿ, ಕೇಳಿದ್ದನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದಳು.